ಒಂದು ಮೀಟರ್ ಆಳದ ಕೆರೆ

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆಲ್ಲ ಒಂದು ಪಿರಮಿಡ್ ನೆನಪಿರುತ್ತದೆ. ಅಡಿಯಲ್ಲಿ ಹುಲ್ಲು, ಅದರ ಮೇಲೆ ಮಿಡತೆ, ಆಮೇಲೆ ಕಪ್ಪೆ, ಹಾವು, ತುದಿಯಲ್ಲಿ ಹದ್ದು. ಪಕ್ಕದಲ್ಲಿ ಒಂದು ಸಾಲು: ಒಂದು ಮೆಟ್ಟಿಲಿನಿಂದ ಮುಂದಿನ ಮೆಟ್ಟಿಲಿಗೆ ಹೋಗುವುದು ಶೇ. 10ರಷ್ಟು ಶಕ್ತಿ ಮಾತ್ರ. ಗೈಡುಗಳು ಇದಕ್ಕೆ ಲಿಂಡ್‌ಮನ್ ನಿಯಮ ಎಂದು ಹೆಸರಿಟ್ಟು ಎರಡು ಅಂಕದ ಪ್ರಶ್ನೆಯಾಗಿ ಕೊಡುತ್ತವೆ. ನಾನೂ ಬಾಯಿಪಾಠ ಮಾಡಿದ್ದೆ. ಲಿಂಡ್‌ಮನ್ ಎಂದರೆ ಗಡ್ಡ ಬಿಟ್ಟ, ಹತ್ತಾರು ಶಿಷ್ಯರನ್ನು ಕಟ್ಟಿಕೊಂಡ, ಸುಖವಾಗಿ ನಿವೃತ್ತನಾದ ಯಾರೋ ಪ್ರೊಫೆಸರ್ ಇರಬೇಕೆಂದು ನನ್ನ ಎಣಿಕೆ. ಎಷ್ಟೋ ವರ್ಷಗಳ ಮೇಲೆ ಆತನ ಮೂಲ ಪ್ರಬಂಧವನ್ನು ಓದಿದಾಗ ಎರಡು ಸಂಗತಿ ತಿಳಿದವು. ಅದು ಅಚ್ಚಾಗಿ ಬರುವ ಹೊತ್ತಿಗೆ ಬರೆದವನು ಬದುಕಿರಲಿಲ್ಲ, ಸತ್ತಾಗ ಅವನಿಗೆ 26 ವರ್ಷ. ಮತ್ತೆ, ಆ ಪ್ರಬಂಧದಲ್ಲಿ ಹತ್ತು ಶೇಕಡಾ ಎಂಬ ನಿಯಮವೇ ಇಲ್ಲ.

ರೇಮಂಡ್ ಲಿಂಡ್‌ಮನ್ ಹುಟ್ಟಿದ್ದು 1915ರಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದ ಒಂದು ಬೇಸಾಯದ ಮನೆಯಲ್ಲಿ. ಪದವಿ ಮುಗಿಸಿ 1936ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಸೇರಿದ. ಸಂಶೋಧನೆಗೆ ಅವನು ಆರಿಸಿಕೊಂಡದ್ದು ಮಿನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು 35 ಮೈಲಿ ದೂರದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯನ್ನು. ಕೆರೆ ಎಂದು ಬರೆಯುವಾಗ ಸ್ವಲ್ಪ ಅಳುಕಾಗುತ್ತದೆ. ನಮ್ಮ ಕೆರೆಗಳು ಯಾರೋ ಏರಿ ಹಾಕಿ ಕಟ್ಟಿಸಿದವು. ಅಲ್ಲಿಯವು ಹಿಮನದಿಗಳು ಹಿಂದೆ ಸರಿದಾಗ ಉಳಿದುಹೋದ ಗುಂಡಿಗಳು. ಆದರೆ ಇದನ್ನು ಸರೋವರ ಎನ್ನಲು ಬಾಯಿ ಬರುವುದಿಲ್ಲ. ಅದರ ಆಳ ಹೆಚ್ಚೆಂದರೆ ಒಂದು ಮೀಟರ್. ಸುತ್ತ ಜೌಗು, ತಳದಲ್ಲಿ ಮೀಟರುಗಟ್ಟಲೆ ಕೆಸರು, ನೀರಿನ ತುಂಬ ಪಾಚಿ ಮತ್ತು ಕಳೆಗಿಡ. ಸಾಯುತ್ತಿರುವ ಕೆರೆ ಅದು. ಸರೋವರ ವಿಜ್ಞಾನದ ಪರಿಭಾಷೆಯಲ್ಲೂ ಅದಕ್ಕೆ ಮುಪ್ಪಿನ ಕೆರೆ ಎಂದೇ ಹೆಸರು.

ಮುಪ್ಪಿನ ಕೆರೆಯಿಂದ ಒಂದು ಅನುಕೂಲವಿತ್ತು. ಆಳದ ಸರೋವರದಲ್ಲಿ ಒಬ್ಬ ವಿದ್ಯಾರ್ಥಿಯ ಕೈಗೆ ಎಲ್ಲವೂ ಎಟುಕುವುದಿಲ್ಲ. ಇಲ್ಲಿ ಒಂದು ದೋಣಿ, ಒಂದು ಬಲೆ, ತಳದ ಕೆಸರು ಬಾಚುವ ಒಂದು ಸಲಕರಣೆ ಇದ್ದರೆ ಕೆರೆಯ ಜೀವಗಳನ್ನೆಲ್ಲ ತೂಗಿ ನೋಡಬಹುದಿತ್ತು. ಲಿಂಡ್‌ಮನ್ ಐದು ವರ್ಷ ಅದನ್ನೇ ಮಾಡಿದ. ಬೇಸಿಗೆಯಲ್ಲಿ ದೋಣಿಯಿಂದ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು. ಕಣ್ಣಿಗೆ ಕಾಣದ ಸಸ್ಯಪ್ಲವಕ, ಅದನ್ನು ತಿನ್ನುವ ಪ್ರಾಣಿಪ್ಲವಕ, ಕೆಸರಿನಲ್ಲಿ ಹೊರಳುವ ನೊಣಜಾತಿಯ ಕೆಂಪು ಮರಿಹುಳು, ಈಜುವ ಜೀರುಂಡೆ, ದಂಡೆಯ ಗಿಡಗಳು, ಎಲ್ಲವನ್ನೂ ಎಣಿಸಿ, ತೂಗಿ, ಪಟ್ಟಿ ಮಾಡಿದ. ಮಂಜುಗಡ್ಡೆಯ ಅಡಿಯಲ್ಲಿ ಆಮ್ಲಜನಕ ಪೂರ್ತಿ ಬರಿದಾದ ಮೇಲೂ ಕೆಸರಿನ ಹುಳುಗಳು ವಾರಗಟ್ಟಲೆ ಹೇಗೆ ಬದುಕುತ್ತವೆ ಎಂದು ಬೇರೆಯೇ ಒಂದು ಪ್ರಯೋಗ ಮಾಡಿದ. ತಳದ ಹೂಳನ್ನು ಕೊರೆದು ತೆಗೆದು ಅದರೊಳಗಿನ ಪರಾಗದ ಕಣಗಳಿಂದ ಕೆರೆಯ ಹಳೆಯ ಚರಿತ್ರೆಯನ್ನೂ ಓದಿದ. 1938ರಲ್ಲಿ ಮದುವೆಯಾದ ಎಲೀನರ್ ಹಾಲ್ ಈ ಕೆಲಸದಲ್ಲಿ ಜೊತೆಗಿದ್ದಳು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಹೆಂಡತಿಯರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಇಲ್ಲೂ ಹಾಗೆಯೇ ಆಗುತ್ತಿದೆ.

ಇಷ್ಟೆಲ್ಲ ಎಣಿಸಿದ್ದು ಯಾಕೆ ಎಂಬುದು ತಿಳಿಯಬೇಕಾದರೆ ಹದಿನೈದು ವರ್ಷ ಹಿಂದಕ್ಕೆ ಹೋಗಬೇಕು.

1921ರಲ್ಲಿ ಆಕ್ಸ್‌ಫರ್ಡಿನ ಒಂದು ತಂಡ ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗೆನ್ ಮತ್ತು ಬೇರ್ ದ್ವೀಪಗಳಿಗೆ ಹೋಯಿತು. ತಂಡದಲ್ಲಿ ಚಾರ್ಲ್ಸ್ ಎಲ್ಟನ್ ಎಂಬ ವಿದ್ಯಾರ್ಥಿಯಿದ್ದ. ಅಲ್ಲಿ ಜೀವಜಾತಿಗಳು ಕಡಿಮೆ. ಯಾವುದು ಯಾವುದನ್ನು ತಿನ್ನುತ್ತದೆ ಎಂದು ಬಾಣದ ಗುರುತು ಹಾಕಿ ಒಂದೇ ಹಾಳೆಯಲ್ಲಿ ಬರೆದಿಡಬಹುದಿತ್ತು. ಎಲ್ಟನ್ ಮತ್ತು ಸಮರ್‌ಹೇಯ್ಸ್ ಹಾಗೆ ಬರೆದ ಚಿತ್ರ 1923ರಲ್ಲಿ ಪ್ರಕಟವಾಯಿತು. ಹಕ್ಕಿಗಳು ಸಮುದ್ರದಲ್ಲಿ ತಿಂದು ನೆಲದಲ್ಲಿ ಹಿಕ್ಕೆ ಹಾಕುತ್ತವೆ, ಅದರ ಸಾರಜನಕದಿಂದ ಗಿಡ ಬೆಳೆಯುತ್ತದೆ, ಗಿಡದಿಂದ ಹುಳು, ಹುಳುವಿನಿಂದ ಹಕ್ಕಿ, ಹಕ್ಕಿಯಿಂದ ಧ್ರುವದ ನರಿ. 1927ರಲ್ಲಿ ಎಲ್ಟನ್ ಪ್ರಾಣಿ ಪರಿಸರದ ಬಗ್ಗೆ ಬರೆದ ಪುಸ್ತಕದಲ್ಲಿ ಆಹಾರ ಸರಪಳಿಯ ಜೊತೆಗೆ ಸಂಖ್ಯೆಗಳ ಪಿರಮಿಡ್ಡೂ ಇತ್ತು: ಚಿಕ್ಕವು ಲೆಕ್ಕವಿಲ್ಲದಷ್ಟು, ದೊಡ್ಡವು ಬೆರಳೆಣಿಕೆಯಷ್ಟು.

ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುತ್ತದೆ ಎಂಬುದು ನಮಗೆ ಹೊಸದಲ್ಲ. ಮತ್ಸ್ಯನ್ಯಾಯ ಎಂಬ ಮಾತು ಅರ್ಥಶಾಸ್ತ್ರದ ಕಾಲದಿಂದ ನಮ್ಮಲ್ಲಿದೆ. ಆದರೆ ನಮ್ಮವರು ಅದನ್ನು ಬಳಸಿದ್ದು ರಾಜ ಯಾಕೆ ಬೇಕು ಎಂದು ಹೇಳಲು. ಒಂದು ದೊಡ್ಡ ಮೀನಿಗೆ ಎಷ್ಟು ಚಿಕ್ಕ ಮೀನು ಬೇಕು, ಆ ಚಿಕ್ಕ ಮೀನಿಗೆ ಎಷ್ಟು ಹುಳು ಬೇಕು ಎಂಬ ಲೆಕ್ಕ ಆ ಮಾತಿನ ಉದ್ದೇಶವಾಗಿರಲಿಲ್ಲ.

ಎಲ್ಟನ್ ಲೆಕ್ಕಕ್ಕೂ ಒಂದು ತೊಡಕಿತ್ತು. ಅದು ತಲೆ ಎಣಿಸುವ ಲೆಕ್ಕ. ಒಂದು ಅತ್ತಿಮರದ ಮೇಲೆ ಸಾವಿರ ಹುಳು ಇದ್ದರೆ ಪಿರಮಿಡ್ ತಲೆಕೆಳಗಾಗುತ್ತದೆ. ಮರವನ್ನೂ ಹುಳುವನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಬೇರೆ ಅಳತೆ ಬೇಕಿತ್ತು.

ಇದೇ ಕಾಲದಲ್ಲಿ ಸಸ್ಯವಿಜ್ಞಾನಿಗಳ ನಡುವೆ ಇನ್ನೊಂದು ಜಗಳ ನಡೆದಿತ್ತು. ಅಮೆರಿಕದ ಫ್ರೆಡರಿಕ್ ಕ್ಲೆಮೆಂಟ್ಸ್ ಕಾಡನ್ನು ಒಂದು ದೊಡ್ಡ ಜೀವಿ ಎಂದೇ ತಿಳಿದಿದ್ದ. ಅದು ಹುಟ್ಟುತ್ತದೆ, ಬೆಳೆಯುತ್ತದೆ, ಪ್ರಾಯಕ್ಕೆ ಬರುತ್ತದೆ. ದಕ್ಷಿಣ ಆಫ್ರಿಕದ ಜಾನ್ ಫಿಲಿಪ್ಸ್ ಈ ವಿಚಾರವನ್ನು ಹಿಡಿದು ದೀರ್ಘ ಲೇಖನಗಳನ್ನೇ ಬರೆದ. ಇಂಗ್ಲೆಂಡಿನ ಆರ್ಥರ್ ಟ್ಯಾನ್ಸ್‌ಲಿಗೆ ಇದು ವಿಜ್ಞಾನಕ್ಕಿಂತ ಪುರಾಣದ ಹಾಗೆ ಕಂಡಿತು. ಟ್ಯಾನ್ಸ್‌ಲಿ ವಿಚಿತ್ರ ಮನುಷ್ಯ; ನಡುವಯಸ್ಸಿನಲ್ಲಿ ಕೇಂಬ್ರಿಜ್ ಕೆಲಸ ಬಿಟ್ಟು ವಿಯೆನ್ನಾಕ್ಕೆ ಹೋಗಿ ಫ್ರಾಯ್ಡ್ ಬಳಿ ಮನೋವಿಶ್ಲೇಷಣೆ ಕಲಿತು ಬಂದವನು. 1935ರಲ್ಲಿ ಆತ ‘ಇಕಾಲಜಿ’ ಪತ್ರಿಕೆಯಲ್ಲಿ ಉತ್ತರ ಬರೆದ. ಕಾಡು ಜೀವಿಯಲ್ಲ. ಗಿಡ, ಪ್ರಾಣಿ, ಮಣ್ಣು, ನೀರು, ಗಾಳಿ, ಬಿಸಿಲು ಎಲ್ಲ ಸೇರಿದ ಒಂದು ವ್ಯವಸ್ಥೆ. ಭೌತವಿಜ್ಞಾನಿ ಹೇಳುವ ಅರ್ಥದಲ್ಲಿ ವ್ಯವಸ್ಥೆ. ಅದಕ್ಕೆ ‘ಇಕೋಸಿಸ್ಟಮ್’ ಎಂಬ ಹೊಸ ಪದ ಬಳಸಿದ. ಪದ ಹೊಳೆದದ್ದು ಆರ್ಥರ್ ರಾಯ್ ಕ್ಲಾಫಮ್ ಎಂಬ ಕಿರಿಯ ಸಹೋದ್ಯೋಗಿಗೆ. ಟ್ಯಾನ್ಸ್‌ಲಿ ಕೇಳಿದ, ಕ್ಲಾಫಮ್ ಸೂಚಿಸಿದ. ಕನ್ನಡದಲ್ಲಿ ನಾವು ಪರಿಸರ ವ್ಯವಸ್ಥೆ ಎನ್ನುತ್ತೇವೆ. ಟ್ಯಾನ್ಸ್‌ಲಿ ಪದ ಕೊಟ್ಟನೇ ಹೊರತು ಯಾವ ವ್ಯವಸ್ಥೆಯನ್ನೂ ಅಳೆದು ತೋರಿಸಲಿಲ್ಲ.

ಲಿಂಡ್‌ಮನ್‌ಗೆ ಆ ಪದ ಬೇಕಾದದ್ದು ಕೆಸರಿನ ಕಾರಣಕ್ಕೆ. ಇದು ನನಗೆ ತುಂಬ ಇಷ್ಟವಾದ ಸಂಗತಿ. ಅಲ್ಲಿಯವರೆಗೆ ಜೀವಿಗಳು ಒಂದು ಕಡೆ, ನಿರ್ಜೀವ ಪರಿಸರ ಇನ್ನೊಂದು ಕಡೆ ಎಂದು ಗೆರೆ ಎಳೆಯುವುದು ವಾಡಿಕೆ. ಸೀಡರ್ ಬಾಗ್ ಕೆರೆಯ ತಳದಿಂದ ಒಂದು ಬೊಗಸೆ ಕೆಸರು ತೆಗೆದರೆ ಈ ಗೆರೆ ಎಲ್ಲಿ ಎಳೆಯುವುದು? ಅದರಲ್ಲಿ ಸತ್ತ ಪಾಚಿ ಇದೆ, ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾ ಇದೆ, ಬ್ಯಾಕ್ಟೀರಿಯಾವನ್ನು ಮೇಯುವ ಹುಳು ಇದೆ, ನಾಳೆ ಮತ್ತೆ ಪಾಚಿಯೊಳಗೆ ಸೇರಲಿರುವ ರಂಜಕ, ಸಾರಜನಕ ಇದೆ. ಯಾವುದು ಸತ್ತದ್ದು, ಯಾವುದು ಬದುಕಿದ್ದು ಎಂದು ವಿಂಗಡಿಸುವುದೇ ಆಗದ ಮಾತು. ಅವನ ಚಿತ್ರದಲ್ಲಿ ಪಾಚಿ, ಮೀನು, ಹುಳುಗಳೆಲ್ಲ ಸುತ್ತ ನಿಂತಿವೆ. ನಟ್ಟನಡುವೆ ಇರುವುದು ಕೆಸರು. ಬಾಣಗಳೆಲ್ಲ ಅದರೊಳಗೆ ಹೋಗಿ ಅದರಿಂದಲೇ ಹೊರಡುತ್ತವೆ.

ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲು ಅವನು ಹಿಡಿದ ಅಳತೆ ಶಕ್ತಿ, ಅಂದರೆ ಕ್ಯಾಲರಿ. ಜರ್ಮನಿಯ ಥೀನೆಮನ್ ಆಗಲೇ ಜೀವಿಗಳನ್ನು ಉತ್ಪಾದಕರು, ಭಕ್ಷಕರು, ವಿಘಟಕರು ಎಂದು ಹಂಚಿದ್ದ. ಲಿಂಡ್‌ಮನ್ ಪ್ರತಿ ಮೆಟ್ಟಿಲಿಗೂ ವರ್ಷಕ್ಕೆ ಎಷ್ಟು ಕ್ಯಾಲರಿ ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಬರೆದ. ಕೆರೆಯ ಒಂದು ಚದರ ಸೆಂಟಿಮೀಟರಿನ ಮೇಲೆ ವರ್ಷವಿಡೀ ಬೀಳುವ ಬಿಸಿಲು 1,18,872 ಕ್ಯಾಲರಿ. ಅದರಲ್ಲಿ ಪಾಚಿ ಮತ್ತು ಗಿಡಗಳು ಹಿಡಿದುಕೊಂಡದ್ದು 111.3. ಲಕ್ಷದ ಹದಿನೆಂಟು ಸಾವಿರ ರೂಪಾಯಿ ಕಣ್ಣಮುಂದೆ ಸುರಿದು ಕೈಗೆ ನೂರ ಹನ್ನೊಂದು ಸಿಕ್ಕ ಹಾಗೆ. ಸಸ್ಯಾಹಾರಿಗಳಿಗೆ ಸಂದದ್ದು 14.8. ಅವನ್ನು ತಿಂದವುಗಳಿಗೆ 3.1.

ಈ ಅಂಕಿಗಳ ಒಳಗೆ ಇನ್ನಷ್ಟು ಇಳಿದರೆ ಕೆರೆಯ ಬಾಳು ಕಾಣುತ್ತದೆ. ಗಿಡಗಳು 111.3ರಲ್ಲಿ 23.4ನ್ನು ಉಸಿರಾಟದಲ್ಲಿ, ಅಂದರೆ ತಾವು ಬದುಕಿರುವ ಖರ್ಚಿಗೇ, ಸುಟ್ಟುಕೊಂಡವು. ಸುಮಾರು ಐದರಲ್ಲೊಂದು ಪಾಲು. ಸಸ್ಯಾಹಾರಿಗಳು 14.8ರಲ್ಲಿ 4.4 ಸುಟ್ಟವು. ಮಾಂಸಾಹಾರಿಗಳು 3.1ರಲ್ಲಿ 1.8, ಅರ್ಧಕ್ಕಿಂತ ಹೆಚ್ಚು. ಮೇಲೆ ಹೋದಂತೆ ಬೇಟೆಗಾಗಿ ಓಡಾಡುವ ಖರ್ಚು ಏರುತ್ತದೆ. ಹುಲಿಗೆ ಅಷ್ಟು ದೊಡ್ಡ ಕಾಡು ಯಾಕೆ ಬೇಕು, ಹುಲಿಯನ್ನು ತಿಂದು ಬದುಕುವ ಇನ್ನೊಂದು ಮೃಗ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಈ ಖರ್ಚಿನ ಪಟ್ಟಿಯಲ್ಲಿದೆ. ಇನ್ನೊಂದು ಅಂಕಿ 70. ಗಿಡಗಳು ಹಿಡಿದ 111ರಲ್ಲಿ ಸುಮಾರು 70 ಕ್ಯಾಲರಿಯನ್ನು ಯಾರೂ ತಿನ್ನಲಿಲ್ಲ, ಅದು ಆ ವರ್ಷ ಕೊಳೆಯಲೂ ಇಲ್ಲ. ಅದರಲ್ಲಿ ಬಹುಪಾಲು ತಳಕ್ಕೆ ಇಳಿದು ಕೆಸರಾಯಿತು. ಕೆರೆ ಯಾಕೆ ತುಂಬಿಕೊಳ್ಳುತ್ತಿದೆ, ಯಾಕೆ ಜೌಗಾಗುತ್ತಿದೆ ಎಂಬುದಕ್ಕೆ ಕಾರಣ ಇದೇ.

ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಬೇಸಿಗೆಗೆ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಕೆರೆಗೋಡು ಹೊತ್ತು ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳ ಬಂತು. ಸೀಡರ್ ಬಾಗ್ ಕೆರೆಗೆ ಅಂಥ ರೈತರಿರಲಿಲ್ಲ.

ಹತ್ತು ಶೇಕಡಾ ಎಲ್ಲಿ ಹೋಯಿತು? 111.3ರಲ್ಲಿ 14.8 ಎಂದರೆ ಶೇ. 13.3. 14.8ರಲ್ಲಿ 3.1 ಎಂದರೆ ಸುಮಾರು ಐದರಲ್ಲೊಂದು. ಹೋಲಿಕೆಗೆಂದು ಅವನು ವಿಸ್ಕಾನ್ಸಿನ್ ರಾಜ್ಯದ ಮೆಂಡೋಟ ಸರೋವರದ ಅಂಕಿಗಳನ್ನೂ ಕೊಟ್ಟಿದ್ದಾನೆ, ಅಲ್ಲಿ 8.7, 5.5, 13. ಹತ್ತು ಎಂಬುದು ಮುಂದೆ ಪಠ್ಯಪುಸ್ತಕದವರು ನೆನಪಿಗೆ ಸುಲಭವಾಗಲೆಂದು ದುಂಡಗೆ ಮಾಡಿದ್ದು. ಮಾಡಲಿ. ಅದಕ್ಕೆ ನಿಯಮ ಎಂಬ ಹೆಸರಿಟ್ಟು ಅವನ ತಲೆಗೆ ಕಟ್ಟಿದ್ದು ಮಾತ್ರ ಅನ್ಯಾಯ.

1941ರಲ್ಲಿ ಪಿಎಚ್‌ಡಿ ಮುಗಿಯಿತು. ಲಿಂಡ್‌ಮನ್ ಒಂದು ವರ್ಷದ ಫೆಲೋಶಿಪ್ ಮೇಲೆ ಯೇಲ್ ವಿಶ್ವವಿದ್ಯಾಲಯಕ್ಕೆ, ಜಿ. ಎವಲಿನ್ ಹಚಿನ್‌ಸನ್ ಬಳಿಗೆ ಹೋದ. ಹಚಿನ್‌ಸನ್ ಕೇಂಬ್ರಿಜ್‌ನಲ್ಲಿ ಬೆಳೆದ ಬಹುಶ್ರುತ. 1932ರಲ್ಲಿ ಯೇಲ್ ತಂಡದೊಂದಿಗೆ ಲಡಾಖಿಗೆ ಬಂದು ಅಲ್ಲಿನ ಎತ್ತರದ ಸರೋವರಗಳನ್ನು ನೋಡಿ ಹೋಗಿದ್ದವನು. ಭೂಮಿಯ ಧಾತುಗಳು ಜೀವಿಗಳ ಮೂಲಕ ಹೇಗೆ ಸುತ್ತುತ್ತವೆ ಎಂಬ ವಿಚಾರದಲ್ಲಿ ರಷ್ಯದ ವೆರ್ನಾಡ್‌ಸ್ಕಿಯ ಬರಹಗಳಿಂದ ಪ್ರಭಾವಿತನಾಗಿದ್ದ. ವೆರ್ನಾಡ್‌ಸ್ಕಿಯ ಮಗ ಯೇಲ್‌ನಲ್ಲೇ ಇತಿಹಾಸದ ಅಧ್ಯಾಪಕ. ಹಚಿನ್‌ಸನ್ ಜೊತೆ ಮಾತಾಡುತ್ತ ಲಿಂಡ್‌ಮನ್ ತನ್ನ ಪಿಎಚ್‌ಡಿಯ ಕೊನೆಯ ಅಧ್ಯಾಯವನ್ನು ತಿದ್ದಿ ಒಂದು ಸಿದ್ಧಾಂತವಾಗಿ ಬೆಳೆಸಿದ. ಆ ಶರತ್ಕಾಲದಲ್ಲಿ ಅದನ್ನು ‘ಇಕಾಲಜಿ’ ಪತ್ರಿಕೆಗೆ ಕಳಿಸಿದ.

ಸಂಪಾದಕ ಥಾಮಸ್ ಪಾರ್ಕ್ ಅದನ್ನು ಇಬ್ಬರು ಹಿರಿಯರಿಗೆ ಓದಲು ಕೊಟ್ಟ. ಒಬ್ಬ ಮಿಶಿಗನ್‌ನ ಪಾಲ್ ವೆಲ್ಚ್, ಇನ್ನೊಬ್ಬ ವಿಸ್ಕಾನ್ಸಿನ್‌ನ ಚಾನ್ಸಿ ಜುಡೆ. ಇಬ್ಬರೂ ಬೇಡ ಎಂದರು. ಇಂಥ ಸಾರ್ವತ್ರಿಕ ಮಾತಿಗೆ ಸರೋವರ ವಿಜ್ಞಾನ ಇನ್ನೂ ಸಿದ್ಧವಾಗಿಲ್ಲ, ಮೊದಲು ಸಾಕಷ್ಟು ಮಾಹಿತಿ ಸೇರಲಿ ಎಂಬುದು ಒಬ್ಬನ ವಾದ. ಒಂದೊಂದು ಸರೋವರಕ್ಕೂ ಒಂದೊಂದು ಸ್ವಭಾವ, ಎಲ್ಲವನ್ನೂ ಒಂದೇ ಸೂತ್ರದಲ್ಲಿ ಕಟ್ಟಲಾಗದು ಎಂಬುದು ಇನ್ನೊಬ್ಬನದು. ನವೆಂಬರಿನಲ್ಲಿ ಪ್ರಬಂಧ ತಿರಸ್ಕೃತವಾಗಿ ವಾಪಸಾಯಿತು.

ಈ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿ ಮುದುಕರನ್ನು ಬೈಯುತ್ತಾರೆ. ನನಗೆ ಹಾಗೆ ಮಾಡಲು ಮನಸ್ಸಾಗುವುದಿಲ್ಲ. ಜುಡೆಗೆ ಆಗ ಎಪ್ಪತ್ತು ವರ್ಷ. ಎಡ್ವರ್ಡ್ ಬರ್ಜ್ ಎಂಬವನ ಜೊತೆ ಸೇರಿ ವಿಸ್ಕಾನ್ಸಿನ್‌ನ ನೂರಾರು ಸರೋವರಗಳನ್ನು ದಶಕಗಟ್ಟಲೆ ಅಳೆದವನು. ಲಿಂಡ್‌ಮನ್ ಬಳಸಿದ ಮೆಂಡೋಟದ ಅಂಕಿಗಳು ಜುಡೆ 1940ರಲ್ಲಿ ಪ್ರಕಟಿಸಿದವೇ! ಜೀವಮಾನವಿಡೀ ನೂರಾರು ಕೆರೆ ನೋಡಿದವನ ಮುಂದೆ, ಒಂದು ಜೌಗು ಗುಂಡಿ ನೋಡಿದ ಹುಡುಗ ಬಂದು, ಜಗತ್ತಿನ ಎಲ್ಲ ಕೆರೆಗಳೂ ಹೀಗೆ ನಡೆಯುತ್ತವೆ ಎಂದರೆ ಕೇಳುವುದು ಕಷ್ಟ. ಆಕ್ಷೇಪದಲ್ಲಿ ಹುರುಳೂ ಇತ್ತು. ಉಸಿರಾಟದ ಖರ್ಚನ್ನು ಲಿಂಡ್‌ಮನ್ ತನ್ನ ಕೆರೆಯಲ್ಲಿ ಅಳೆದಿರಲಿಲ್ಲ, ಬೇರೆಯವರ ಪ್ರಯೋಗಗಳಿಂದ ತಂದುಕೊಂಡಿದ್ದ. ಮೇಲಿನ ಮೆಟ್ಟಿಲುಗಳಲ್ಲಿ ಶಕ್ತಿಯ ಬಳಕೆ ಹೆಚ್ಚು ದಕ್ಷವಾಗಿರುತ್ತದೆ ಎಂಬ ಅವನ ಊಹೆ ಮುಂದಿನ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಅಂಕಿಗಳ ಮಟ್ಟಿಗೆ ಜುಡೆ ಅನುಮಾನಿಸಿದ್ದು ಸರಿಯೇ. ಅವನಿಗೆ ಕಾಣದೆ ಹೋದದ್ದು ಪ್ರಶ್ನೆ ಕೇಳುವ ಹೊಸ ರೀತಿ.

ಹಚಿನ್‌ಸನ್ ಸುಮ್ಮನಿರಲಿಲ್ಲ. ಪಾರ್ಕ್‌ಗೆ ದೀರ್ಘ ಪತ್ರ ಬರೆದು ವಾದಿಸಿದ. ಪರೀಕ್ಷಿಸಲು ಒಂದು ಸಿದ್ಧಾಂತವೇ ಇಲ್ಲದಿದ್ದರೆ ಇನ್ನಷ್ಟು ಮಾಹಿತಿ ಕೂಡಿಹಾಕಿ ಏನು ಪ್ರಯೋಜನ ಎಂಬುದು ಅದರ ತಾತ್ಪರ್ಯ. ಲಿಂಡ್‌ಮನ್ ಪ್ರಬಂಧವನ್ನು ಮತ್ತೆ ತಿದ್ದಿದ. ಆ ಹೊತ್ತಿಗೆ ಅವನಿಗೆ ಯಕೃತ್ತಿನ ಕಾಯಿಲೆ ಬಲಿತಿತ್ತು. 1942ರ ಮಾರ್ಚಿನಲ್ಲಿ ಪಾರ್ಕ್ ಒಪ್ಪಿಕೊಂಡ. ಪರಿಶೀಲಕರ ಮಾತನ್ನು ಮೀರಿ ಪ್ರಕಟಿಸುತ್ತಿದ್ದೇನೆ, ಇದರ ಬೆಲೆಯನ್ನು ಕಾಲವೇ ಜರಡಿ ಹಿಡಿದು ಹೇಳಲಿ ಎಂಬುದು ಅವನ ನಿಲುವು. ಸಂಪಾದಕನೊಬ್ಬ ಮಾಡಬಹುದಾದ ದೊಡ್ಡ ಕೆಲಸ ಅದು. ಆದರೆ ಪಠ್ಯಪುಸ್ತಕದಲ್ಲಿ ಪಾರ್ಕ್ ಹೆಸರು ಈ ಕಾರಣಕ್ಕೆ ಬರುವುದಿಲ್ಲ.

ಜೂನ್ 29ರಂದು ಲಿಂಡ್‌ಮನ್ ತೀರಿಕೊಂಡ. ಅಕ್ಟೋಬರಿನಲ್ಲಿ ಪ್ರಬಂಧ ಬಂತು, ಕೊನೆಯಲ್ಲಿ ಹಚಿನ್‌ಸನ್ ಬರೆದ ಪುಟ್ಟ ಶ್ರದ್ಧಾಂಜಲಿಯೊಂದಿಗೆ. ಅವನು ಪೂರ್ತಿಗೊಳಿಸಿದ ಆರನೆಯ ಪ್ರಬಂಧ ಅದು.

ಲಿಂಡ್‌ಮನ್ ಬಿಟ್ಟುಹೋದ ಲೆಕ್ಕದಲ್ಲಿ ಅರ್ಧ ಮಾತ್ರ ಇತ್ತು. ಶಕ್ತಿ ಒಮ್ಮುಖದ ಪಯಣ. ಬಿಸಿಲಾಗಿ ಬಂದದ್ದು ಕಾವಾಗಿ ಹೋಗುತ್ತದೆ, ಮರಳುವುದಿಲ್ಲ. ರಂಜಕ, ಸಾರಜನಕ, ಸುಣ್ಣ ಹಾಗಲ್ಲ. ಅವು ಹೊಸದಾಗಿ ಬರುವುದಿಲ್ಲ, ಇದ್ದದ್ದೇ ಸುತ್ತಬೇಕು. 1946ರಲ್ಲಿ ಹಚಿನ್‌ಸನ್ ಯೇಲ್ ಹತ್ತಿರದ ಲಿನ್ಸ್‌ಲಿ ಎಂಬ ಕೊಳಕ್ಕೆ ವಿಕಿರಣಶೀಲ ರಂಜಕವನ್ನು ಬಿಟ್ಟು ಅದು ಎಲ್ಲಿ ಹೋಗುತ್ತದೆ ಎಂದು ಹಿಂಬಾಲಿಸಿದ. ಮೇಲಿನ ನೀರಿನ ಪ್ಲವಕಗಳು ಅದನ್ನು ಬೇಗನೆ ಹೀರಿಕೊಂಡವು, ಅವು ಸತ್ತು ಕೆಳಗಿಳಿದಂತೆ ರಂಜಕವೂ ತಳದ ನೀರಿನಲ್ಲಿ ಕಾಣಿಸಿತು. ಕೆಸರಿನ ಮೂಲಕ ಸುತ್ತು ಹೊಡೆಯುತ್ತದೆ ಎಂದು ಲಿಂಡ್‌ಮನ್ ಬಾಣದ ಗುರುತಿನಲ್ಲಿ ಬರೆದದ್ದನ್ನು ಈಗ ಉಪಕರಣದಲ್ಲಿ ಎಣಿಸಬಹುದಾಗಿತ್ತು. ಮುಂದೆ ಹಚಿನ್‌ಸನ್‌ನ ಶಿಷ್ಯ ಹವರ್ಡ್ ಓಡಮ್ ಮತ್ತು ಅವನ ಅಣ್ಣ ಯೂಜೀನ್ ಓಡಮ್ ಈ ವಿಚಾರಗಳನ್ನು ಜಗತ್ತಿಗೆಲ್ಲ ಹಂಚಿದರು. ಯೂಜೀನ್‌ನ 1953ರ ಪಠ್ಯಪುಸ್ತಕದ ನೆರಳು ನಮ್ಮ ಪಿಯುಸಿ ಪುಸ್ತಕದವರೆಗೂ ಚಾಚಿದೆ. ಅಮೆರಿಕದ ಅಣುಬಾಂಬ್ ಪರೀಕ್ಷೆ ನಡೆದ ಎನಿವೆಟಾಕ್ ಹವಳದ ದ್ವೀಪಗಳಲ್ಲಿ ಅಣ್ಣತಮ್ಮಂದಿರು 1954ರಲ್ಲಿ ಅಧ್ಯಯನ ಮಾಡಿದರು. ಹಣ ಕೊಟ್ಟದ್ದು ಬಾಂಬು ಮಾಡಿಸಿದ ಅಣುಶಕ್ತಿ ಆಯೋಗವೇ. ಪರಿಸರ ವಿಜ್ಞಾನದ ಬಾಲ್ಯದಲ್ಲಿ ಈ ಸಂಬಂಧವೂ ಇದೆ, ಮುಚ್ಚಿಡುವಂಥದ್ದಲ್ಲ.

ಸುತ್ತು ಕಡಿದರೆ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಕಾಡು. 1963ರಲ್ಲಿ ಬೋರ್ಮನ್, ಲೈಕನ್ಸ್ ಮತ್ತು ಗೆಳೆಯರು ಅಲ್ಲಿನ ಕಣಿವೆಗಳಿಗೆ ಬೀಳುವ ಮಳೆಯನ್ನೂ ಹರಿದು ಹೋಗುವ ತೊರೆಯನ್ನೂ ಅಳೆಯತೊಡಗಿದರು. 1965ರ ಚಳಿಗಾಲದಲ್ಲಿ ಒಂದು ಕಣಿವೆಯ ಮರಗಳನ್ನೆಲ್ಲ ಕಡಿದು ಬಿದ್ದಲ್ಲೇ ಬಿಟ್ಟರು. ಒಂದು ದಿಮ್ಮಿಯನ್ನೂ ಹೊರಗೆ ಸಾಗಿಸಲಿಲ್ಲ. ಏನೂ ಚಿಗುರದಂತೆ ಕಳೆನಾಶಕ ಹೊಡೆದರು. ಮೊದಲ ವರ್ಷ ತೊರೆಯ ನೀರು ಶೇ. 39ರಷ್ಟು ಹೆಚ್ಚಿತು, ಹೀರುವ ಬೇರುಗಳೇ ಇರಲಿಲ್ಲವಲ್ಲ. ಅದಕ್ಕಿಂತ ದೊಡ್ಡ ಸುದ್ದಿ ನೈಟ್ರೇಟಿನದು. ತೊರೆಯಲ್ಲಿ ಅದರ ಸಾಂದ್ರತೆ 40 ಪಟ್ಟಿಗೂ ಹೆಚ್ಚಾಗಿ, ಕುಡಿಯುವ ನೀರಿನ ಮಿತಿಯನ್ನೂ ದಾಟಿತು. ಮಣ್ಣಿನ ಸೂಕ್ಷ್ಮಜೀವಿಗಳು ಎಂದಿನಂತೆ ಕೊಳೆಸುವ ಕೆಲಸ ಮಾಡುತ್ತಲೇ ಇದ್ದವು. ಹಾಗೆ ಬಿಡುಗಡೆಯಾದ ಸಾರವನ್ನು ತಕ್ಷಣ ಹಿಡಿದುಕೊಳ್ಳುವ ಬೇರು ಮಾತ್ರ ಇರಲಿಲ್ಲ. ಜೊತೆಗೆ ಸುಣ್ಣ, ಪೊಟ್ಯಾಶ್ ಎಲ್ಲ ತೊಳೆದುಹೋದವು. ಮರ ಕಡಿದರೆ ಮಣ್ಣು ಕೊಚ್ಚಿಹೋಗುತ್ತದೆ ಎಂದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಮಣ್ಣು ಅಲ್ಲೇ ಇದ್ದಂತೆ ಕಂಡರೂ ಅದರ ಸಾರ ಕಣ್ಣಿಗೆ ಕಾಣದೆ ತಿಳಿನೀರಿನಲ್ಲಿ ಹರಿದುಹೋಗುತ್ತದೆ ಎಂದು ತೋರಿಸಿದ್ದು ಈ ಪ್ರಯೋಗ. ಅದೇ ಕಾಡಿನ ಮಳೆನೀರನ್ನು ಅಳೆಯುತ್ತಲೇ ಅಮೆರಿಕದಲ್ಲಿ ಆಮ್ಲಮಳೆ ಬೀಳುತ್ತಿದೆ ಎಂಬುದೂ ಅವರಿಗೆ ಗೊತ್ತಾಯಿತು. ಹುಡುಕಲು ಹೊರಟದ್ದು ಅದನ್ನಲ್ಲ.

ಲಿಂಡ್‌ಮನ್‌ನ ಕೆರೆ ಇವತ್ತಿಗೂ ಇದೆ. ಅವನು ಸತ್ತ ವರ್ಷವೇ ಆ ಪ್ರದೇಶ ಸೀಡರ್ ಕ್ರೀಕ್ ಎಂಬ ಹೆಸರಿನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧನೆಗೆ ಮೀಸಲಾಯಿತು. 1982ರಿಂದ ಡೇವಿಡ್ ಟಿಲ್ಮನ್ ಅಲ್ಲಿನ ಹುಲ್ಲುಗಾವಲನ್ನು ಸಣ್ಣ ಸಣ್ಣ ಮಡಿಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಪ್ರಮಾಣದ ಸಾರಜನಕ ಹಾಕಿ, ಯಾವ ಗಿಡ ಯಾವುದನ್ನು ಹಿಂದಿಕ್ಕುತ್ತದೆ ಎಂದು ನೋಡುತ್ತ ಬಂದ. ಗೊಬ್ಬರ ಹೆಚ್ಚಿದಲ್ಲಿ ಹುಲ್ಲು ಹುಲುಸಾಗಿ ಬೆಳೆಯಿತು, ಜಾತಿಗಳು ಕಡಿಮೆಯಾದವು. 1988ರಲ್ಲಿ ಭೀಕರ ಬರ ಬಂದಾಗ, ಹೆಚ್ಚು ಜಾತಿಯ ಗಿಡಗಳಿದ್ದ ಮಡಿಗಳು ಅಷ್ಟಾಗಿ ಸೊರಗಲಿಲ್ಲ. ಒಂದೆರಡೇ ಜಾತಿ ಉಳಿದಿದ್ದ ಹುಲುಸು ಮಡಿಗಳು ಹೆಚ್ಚು ನೆಲಕಚ್ಚಿದವು. ಬರವನ್ನು ಯಾರೂ ಪ್ರಯೋಗಕ್ಕೆಂದು ತಂದಿರಲಿಲ್ಲ, ಅದು ತಾನಾಗಿ ಬಂತು. ಎಣಿಸಿ ಬರೆದಿಡುವವರು ಅಲ್ಲಿ ಇದ್ದರು.

ಹುಲ್ಲಿನ ಮಡಿಗಳಿರುವ ಆ ಮೀಸಲು ನೆಲದಲ್ಲೇ, ಜೌಗುಮರಗಳ ನಡುವೆ ಆ ಕೆರೆ ಇನ್ನೂ ನಿಧಾನವಾಗಿ ಹೂತುಕೊಳ್ಳುತ್ತಿದೆ.